ಮಂಗಳವಾರದ ಲೋಟ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆ. ದೆಹಲಿಯ ಪೀತಮ್‌ಪುರದ ನಮ್ಮ ಫ್ಲಾಟುಗಳ ಸೊಸೈಟಿಯ ತಾರಸಿಯ ಮೇಲೆ ಹಾಜರಿದ್ದವರು ನೀರು ಪರೀಕ್ಷಿಸಿ ಸಹಿ ಹಾಕಬೇಕಿದ್ದ ನಾನು, ಕಾರ್ಯದರ್ಶಿ ಭಾಟಿಯಾ, ನೀರಿನ ಟ್ಯಾಂಕ್ ತೊಳೆಯಲು ಬಂದ ಇಬ್ಬರು ಕೆಲಸದವರು. ಏಳಕ್ಕೇ ಶುರು ಎಂದು ನೋಟಿಸ್ ಅಂಟಿಸಿದವರು ಭಾಟಿಯಾ; ಬಾಯಲ್ಲಿ ಬ್ರಷ್ ಇಟ್ಟುಕೊಂಡು ಎಲ್ಲರಿಗಿಂತ ಕೊನೆಗೆ ಮೇಲೆ ಬಂದವರೂ ಅವರೇ. ನಾನು ನಿವೃತ್ತಳಾಗಿ ವರ್ಷಗಳಾದರೂ ನನ್ನ ಕೈಗಡಿಯಾರ ನಿವೃತ್ತಿಯಾಗಿಲ್ಲ. ಹಾಗಾಗಿ ಅಷ್ಟು ಹೊತ್ತೂ ಪಾರಿವಾಳಗಳನ್ನು ನೋಡುತ್ತಾ ನಿಂತಿದ್ದೆ. ಕೊನೆಗೆ ಕೆಲಸದವನೊಬ್ಬ ಬ್ಲೀಚಿಂಗ್ ಪೌಡರಿನ ಚೀಲದ ಬಾಯಿ ಬಿಚ್ಚಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಭಾಟಿಯಾರ ಮೇಲಿನ ಸಿಟ್ಟು ಮರೆತುಹೋಗಿ 2008ರ ಬೇಸಿಗೆಯ ಸಿಟ್ಟು ನೆನಪಾಯಿತು. ಅದು ಇದಕ್ಕಿಂತ ದೊಡ್ಡದು.

ಆ ವರ್ಷ ನಾನು ವಿದ್ಯಾರ್ಥಿನಿ. ವಯಸ್ಸು ಐವತ್ತು ದಾಟಿತ್ತು. ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸಿಸ್ಟರ್ ಇನ್‌ಚಾರ್ಜ್ ಆಗಿದ್ದವಳು, ಎರಡು ವರ್ಷದ ಓದುವ ರಜೆ ಪಡೆದು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಸೇರಿದ್ದೆ. ಈ ವಯಸ್ಸಿನಲ್ಲಿ ಏಕೆ ಎಂದು ಕೇಳದವರಿಲ್ಲ. ಕಾರಣ ಸರಳವಾಗಿತ್ತು. ಪ್ರತಿ ಬೇಸಿಗೆಯಲ್ಲೂ ಅವೇ ಕೊಳೆಗೇರಿ ಬಸ್ತಿಗಳಿಂದ ಅವೇ ಮಕ್ಕಳು ವಾಂತಿ ಭೇದಿಯಿಂದ ಸೊರಗಿ ವಾರ್ಡಿಗೆ ಬರುತ್ತಿದ್ದವು. ಡ್ರಿಪ್ ಹಾಕುವುದು, ಮಗು ಕಣ್ಣು ಬಿಟ್ಟು ಹಟ ಮಾಡಲು ಶುರು ಮಾಡಿದ ಮೇಲೆ ಮನೆಗೆ ಕಳಿಸುವುದು. ತಿಂಗಳು ತುಂಬುವುದರೊಳಗೆ ಅದೇ ಮಗು ಅದೇ ಮಂಚಕ್ಕೆ. ಇದು ಕೆಲಸವಲ್ಲ, ಕೆಲಸದ ಅಣಕ ಎನ್ನಿಸಿಬಿಟ್ಟಿತ್ತು. ನಮ್ಮ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಒಂದು ಟ್ಯೂಟರ್ ಹುದ್ದೆ ಖಾಲಿಯಿತ್ತು. ಬಸ್ತಿಗಳಿಗೆ ಹೋಗಿ, ಕಾಯಿಲೆ ಬರುವ ಮೊದಲೇ ಕೆಲಸ ಮಾಡುವ ಹುಡುಗಿಯರನ್ನು ತಯಾರು ಮಾಡುವ ಹುದ್ದೆ. ಅದು ಈ ಪದವಿ ಇದ್ದವರಿಗೆ ಮಾತ್ರ. ನನ್ನ ರಜೆ ಮುಗಿಯುವುದು ಜೂನ್ ಕೊನೆಗೆ. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಪದವಿಯಿಲ್ಲದೆ ವಾರ್ಡಿಗೆ ವಾಪಸು, ಹುದ್ದೆ ಬೇರೆಯವರ ಪಾಲು. ರಜೆ ಒಂದು ದಿನವೂ ಮುಂದೆ ಹೋಗದು ಎಂದು ಆಡಳಿತದವರು ಮೊದಲೇ ತಿಳಿಸಿದ್ದರು.

ತರಗತಿಯ ಅವಸ್ಥೆ ಹೇಳತೀರದು. ವೇಳಾಪಟ್ಟಿಯಲ್ಲಿ ಒಂಬತ್ತೂವರೆ ಎಂದಿದ್ದರೆ ಪಾಠ ಹೇಳುವವರು ಹತ್ತಕ್ಕೆ, ಕೇಳುವವರು ಅವರ ಹಿಂದೆ. ಪೀತಮ್‌ಪುರದಿಂದ ಮೆಟ್ರೋ ಹಿಡಿದು, ಕಶ್ಮೀರಿ ಗೇಟಿನಲ್ಲಿ ಬದಲಿಸಿ, ಆಮೇಲೆ ಬಸ್ಸಿನಲ್ಲಿ ನೇತಾಡಿಕೊಂಡು ದಕ್ಷಿಣ ದೆಹಲಿ ಮುಟ್ಟುವ ನಾನು ಬೀಗ ಹಾಕಿದ ಕೋಣೆಯ ಮುಂದೆ ಚೌಕಿದಾರನ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಒಳಗೆ ಹೋದ ಮೇಲಾದರೂ ಕೆಲಸ ಸಾಗುತ್ತದೆಯೇ ಎಂದರೆ ಅದೂ ಇಲ್ಲ. ಎಲ್ಲದಕ್ಕೂ ಗ್ರೂಪ್ ಡಿಸ್ಕಷನ್. ಒಬ್ಬರು ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಾದ್ದನ್ನು ಆರು ಜನ ಸೇರಿ ಗೋಡೆಗೆ ಬಣ್ಣಬಣ್ಣದ ಕಾಗದ ಅಂಟಿಸುತ್ತಾ ಊಟದ ಹೊತ್ತು ಮಾಡುವುದು. ಕೈ ತೊಳೆದುಕೊಳ್ಳಿ ಎಂದು ಹೇಳಲು ಕಂಪ್ಯೂಟರಿನಲ್ಲಿ ಚಿತ್ರ, ಬಾಣ, ವೃತ್ತ. ವಾರ್ಡು ಹೀಗೆ ನಡೆದಿದ್ದರೆ ಬೆಳಗಿನ ಇಂಜೆಕ್ಷನ್ ಸಂಜೆಗೆ ಸಿಗುತ್ತಿತ್ತು.

ಪ್ರಬಂಧಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡುವಾಗ ನಮ್ಮ ಗೈಡ್ ಮಾಥುರ್ ಸಾಹೇಬರು, "ಅಚ್ಛಾ, ನೀವಿಬ್ಬರೂ ಕರ್ನಾಟಕದವರು, ಒಟ್ಟಿಗೇ ಇರಿ," ಎಂದು ಫರ್ಹಾನಾಳನ್ನು ನನಗೆ ಗಂಟುಹಾಕಿದರು. ಶಿವಮೊಗ್ಗದ ಹುಡುಗಿ, ಓದಿದ್ದು ಹಲ್ಲಿನ ಡಾಕ್ಟರಿಕೆ. ಇಂದಿರಾಪುರಂನಲ್ಲಿ ಅಣ್ಣನ ಫ್ಲಾಟಿನಲ್ಲಿ ಇದ್ದಳು. ಆ ಕಡೆಗೆ ಆಗ ಮೆಟ್ರೋ ಇರಲಿಲ್ಲ, ನಿಜ. ಆದರೆ ಮೆಟ್ರೋ ಅವಳ ಮಂಚದ ಪಕ್ಕಕ್ಕೇ ಬಂದು ನಿಂತಿದ್ದರೂ ಅವಳು ಮುಂದಿನ ಗಾಡಿಗೇ ಹತ್ತುತ್ತಿದ್ದಳು.

"ಸಾರಿ ಆಂಟಿ, ಆಟೋದವನು ಅರ್ಧ ದಾರೀಲಿ..."

"ನಾನು ನಿನ್ನ ಆಂಟಿ ಅಲ್ಲ. ಸಹಪಾಠಿ."

"ಸರಿ ಸಿಸ್ಟರ್."

"ಸಿಸ್ಟರ್ ನಾನು ಆಸ್ಪತ್ರೇಲಿ."

"ಹಾಗಾದ್ರೆ ಸಿಸ್ಟರ್ ಆಂಟಿ," ಎಂದು ನಕ್ಕಳು. ಆ ಹೆಸರೇ ನಿಂತಿತು. ತರಗತಿಯ ಪಂಜಾಬಿ ಬಂಗಾಳಿ ಹುಡುಗರೆಲ್ಲ ಹಾಗೇ ಕರೆಯತೊಡಗಿದರು.

ನಮಗೆ ಸಿಕ್ಕ ವಿಷಯ ನನಗೆ ಹಿಡಿಸಿತ್ತು. ಪೀತಮ್‌ಪುರದ ಆಚೆ ರೈಲು ಹಳಿಯ ಪಕ್ಕ ಒಂದು ಬಸ್ತಿ. ನನ್ನ ವಾರ್ಡಿಗೆ ಮಕ್ಕಳು ಬರುತ್ತಿದ್ದದ್ದು ಇಂಥ ಕಡೆಗಳಿಂದಲೇ. ಅಲ್ಲಿಗೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಟ್ಯಾಂಕರಿನ ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಇರುತ್ತದೆ. ಆದರೆ ಮನೆಯ ಡ್ರಮ್ಮಿಗೆ ತುಂಬಿಸಿದ ಮೇಲೆ ಮಕ್ಕಳು ಮುದುಕರು ಎಲ್ಲರೂ ಕೈಸಮೇತ ಚೊಂಬು ಅದ್ದುತ್ತಾರೆ, ನೀರು ಕೆಡುತ್ತದೆ. ಅದನ್ನು ತಪ್ಪಿಸಲು ಯಾವುದೋ ಟ್ರಸ್ಟಿನವರು ಚಳಿಗಾಲದಲ್ಲಿ ಮನೆಗೊಂದರಂತೆ ಉದ್ದ ಹಿಡಿಯ ಸ್ಟೀಲ್ ಲೋಟ ಹಂಚಿದ್ದರು. ಬಸ್ತಿಯವರು ಅದನ್ನು ಡಂಡೀವಾಲಾ ಲೋಟಾ ಎನ್ನುತ್ತಿದ್ದರು. ಆ ಲೋಟವನ್ನು ಜನ ಬಳಸುತ್ತಿದ್ದಾರೆಯೇ, ಮನೆಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ, ಇಷ್ಟೇ ನಾವು ನೋಡಬೇಕಾಗಿದ್ದದ್ದು. ಪರೀಕ್ಷೆ ಸುಲಭ. ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಬಿಟ್ಟರೆ, ಕ್ಲೋರಿನ್ ಇದ್ದ ನೀರು ಹಳದಿಯಾಗುತ್ತದೆ. ಇಲ್ಲದಿದ್ದರೆ ಇದ್ದ ಹಾಗೇ ಇರುತ್ತದೆ.

ಕ್ರಮ ನಾನು ಹಾಕಿದೆ. ಪ್ರತಿ ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ. ಟ್ಯಾಂಕರ್ ಆಗಷ್ಟೇ ಬಂದು ಹೋಗಿರುತ್ತದೆ, ಹೆಂಗಸರು ಮನೆಯಲ್ಲೇ ಸಿಗುತ್ತಾರೆ. ಮೊದಲನೆಯ ಮನೆಯಿಂದ ಶುರು ಮಾಡಿ, ಸಾಲು ತಪ್ಪದೆ ಕೊನೆಯ ಮನೆಗೆ. ವಾರ್ಡಿನಲ್ಲಿ ಮೊದಲ ಮಂಚದಿಂದ ಕೊನೆಯ ಮಂಚದವರೆಗೆ ಸುತ್ತು ಹೋದ ಹಾಗೆ. ಮೊದಲ ಮನೆ ಸರೋಜಳದು. ಬಿಹಾರದವಳು, ಗಟ್ಟಿ ಗಂಟಲಿನ ಹೆಂಗಸು, ಬಾಗಿಲಲ್ಲಿ ಕೂತು ಅಂಗಡಿಯವರಿಗಾಗಿ ರಟ್ಟಿಗೆ ಬಿಂದಿ ಅಂಟಿಸುವ ಕೆಲಸ ಮಾಡುತ್ತಿದ್ದಳು. ನನ್ನನ್ನು ಕಂಡೊಡನೆ ಇಡೀ ಗಲ್ಲಿಗೆ ಕೇಳುವಂತೆ, "ಸಿಸ್ಟರ್‌ಜೀ ಆ ಗಯೀ!" ಎಂದು ನಾನು ಬಂದ ಸುದ್ದಿ ಕೂಗುತ್ತಿದ್ದಳು. ಎಷ್ಟು ಮರ್ಯಾದೆ ಎಂದುಕೊಂಡಿದ್ದೆ.

ಏಪ್ರಿಲ್ ತುಂಬಾ ನಾವು ಕಂಡದ್ದು ಒಂದೇ ದೃಶ್ಯ. ಪ್ರತಿ ಮನೆಯಲ್ಲೂ ಮುಚ್ಚಿದ ಡ್ರಮ್ಮು, ಪಕ್ಕದ ಮೊಳೆಗೆ ತೂಗುಹಾಕಿದ ಲೋಟ, ಅದರ ತುದಿಯಿಂದ ತೊಟ್ಟಿಕ್ಕುವ ನೀರು. ಹನಿ ಬಿಟ್ಟರೆ ಬಂಗಾರದಂಥ ಹಳದಿ. ಎಲ್ಲ ಮನೆಯಲ್ಲೂ ಉಪಚಾರ ಮಾತ್ರ ಸ್ವಲ್ಪ ಅತಿಯಾಗಿತ್ತು. "ಸಿಸ್ಟರ್‌ಜೀ, ಬಿಸಿಲಲ್ಲಿ ಬಂದಿದ್ದೀರಿ, ಎರಡು ಗುಟುಕು ಚಹಾ." "ಸಿಸ್ಟರ್‌ಜೀ, ನಮ್ಮ ಅತ್ತೆಯ ಮಂಡಿ ಒಂಚೂರು ನೋಡಿ." ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. ನನ್ನ ವೇಳೆ ಹಾಳಾಗುತ್ತಿತ್ತು, ನಾನು ಹಲ್ಲು ಕಚ್ಚಿ ಸಹಿಸುತ್ತಿದ್ದೆ. ಮಾಥುರ್ ಸಾಹೇಬರು ಅಂಕಿಗಳನ್ನು ನೋಡಿ, "ವಾಹ್! ಇಂಥ ಡೇಟಾ ನಾನು ನೋಡೇ ಇಲ್ಲ," ಎಂದರು. ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಶಿಸ್ತಿನಿಂದ ಕೆಲಸ ಮಾಡಿದರೆ ಫಲಿತಾಂಶ ಹೀಗಿರುತ್ತದೆ ಎಂಬ ಮಾತನ್ನೂ ಸೇರಿಸಿದ್ದೆ ಎಂದು ಅವರು ಇವತ್ತಿಗೂ ಜ್ಞಾಪಿಸುತ್ತಾರೆ.

ಮೇ ಮೊದಲಲ್ಲಿ ಒಂದು ಮಂಗಳವಾರ ಫರ್ಹಾನಾ ಬರಲೇ ಇಲ್ಲ. ನಾನೊಬ್ಬಳೇ ಮುಗಿಸಲಾಗದೆ ಸಾಲಿನ ಕೊನೆಯ ಮನೆಗಳು ಬಾಕಿ ಉಳಿದವು. ಫೋನಿನಲ್ಲಿ ಚೆನ್ನಾಗಿ ಬೈದೆ. ಬೈಸಿಕೊಂಡವಳು ಮರುದಿನ ಸಂಜೆ ತಾನೊಬ್ಬಳೇ ಬಸ್ತಿಗೆ ಹೋಗಿ ಬಾಕಿ ತೀರಿಸಿ ಬಂದಿದ್ದಳು. ಗುರುವಾರ ಕ್ಯಾಂಟೀನಿನಲ್ಲಿ ಸಮೋಸ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದಳು.

"ಸಿಸ್ಟರ್ ಆಂಟಿ, ಒಂದು ಮಾತು ಹೇಳ್ಲಾ? ಬೈಬಾರದು."

"ಬೈಯೋದು ಬಿಡೋದು ಕೇಳಿದ ಮೇಲೆ."

"ನಿನ್ನೆ ಸಂಜೆ ಒಂದ್ ಮನೇಲೂ ಲೋಟ ಇರ್ಲಿಲ್ಲ. ಮಕ್ಕಳು ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ ಚೊಂಬಲ್ಲಿ ತೆಗೀತಿದ್ರು. ಹಳದಿ ಬರ್ಲೇ ಇಲ್ಲ."

"ಲೋಟ ಎಲ್ಲಿ ಅಂತ ಕೇಳಿದೆಯಾ?"

"ಕೇಳ್ದೆ. ಊರಿಗೆ ಹೋಯ್ತು ಅಂದ್ರು."

"ಲೋಟಕ್ಕೇನು ಊರು?"

"ಬಿಹಾರಕ್ಕೆ. ಮದುವೆ ಸೀಸನ್ ಅಲ್ವಾ. ಸ್ಟೀಲ್ ಗಟ್ಟಿಯಾಗಿದೆಯಂತೆ, ಉಡುಗೊರೆ ಕೊಟ್ಟಿದ್ದಾರೆ."

"ಮತ್ತೆ ಮಂಗಳವಾರ ಪ್ರತಿ ಮನೇಲೂ ನಾನು ನೋಡೋದು?"

ಫರ್ಹಾನಾ ಸಮೋಸವನ್ನೇ ನೋಡುತ್ತಾ, "ಅದನ್ನೇ ನಾನೂ ಯೋಚಿಸ್ತಿದ್ದೀನಿ," ಎಂದಳು.

ನಾನು ನಂಬಲಿಲ್ಲ. ಹೊತ್ತಲ್ಲದ ಹೊತ್ತಿಗೆ ಹೋಗಿ ಏನೇನೋ ನೋಡಿ ಬಂದು ನನ್ನ ಕೆಲಸ ಕೆಡಿಸುತ್ತಿದ್ದಾಳೆ ಎಂದು ರೇಗಿದೆ. ಆದರೆ ಮನೆಗೆ ವಾಪಸಾಗುವಾಗ, ಮೆಟ್ರೋದ ಕಂಬ ಹಿಡಿದು ನಿಂತವಳಿಗೆ ಕಂಬಳಿಗಳ ನೆನಪು ಬಂತು.

ನಾನು ತರಬೇತಿಯಲ್ಲಿದ್ದ ಕಾಲದಲ್ಲಿ ಊರಿನ ದೊಡ್ಡ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ತಪಾಸಣೆ ಇರುತ್ತಿತ್ತು. ಪ್ರತಿ ಮಂಚದ ಮೇಲೂ ಒಳ್ಳೆಯ ಕೆಂಪು ಕಂಬಳಿ ಇರಬೇಕೆಂಬುದು ನಿಯಮ. ಒಳ್ಳೆಯ ಕಂಬಳಿ ಇದ್ದದ್ದು ಒಂದು ವಾರ್ಡಿಗಾಗುವಷ್ಟು ಮಾತ್ರ. ತಪಾಸಣೆಯವರು ಮೊದಲ ವಾರ್ಡಿನಿಂದ ಕ್ರಮವಾಗಿ ಬರುವರು. ಅವರು ಅತ್ತ ಹೊರಟೊಡನೆ ಕಂಬಳಿಗಳು ಹಿಂದಿನ ಮೆಟ್ಟಿಲಿನಿಂದ ಮುಂದಿನ ವಾರ್ಡಿಗೆ. ಅಷ್ಟು ಹೊತ್ತು ದೊಡ್ಡ ಸಿಸ್ಟರ್ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಎಳನೀರು ಕುಡಿಸುತ್ತಿದ್ದರು. ಕಂಬಳಿ ಹೊತ್ತು ಓಡುತ್ತಿದ್ದ ಹುಡುಗಿಯರಲ್ಲಿ ನಾನು ಎಲ್ಲರಿಗಿಂತ ವೇಗ.

ಎಳನೀರಿನ ಜಾಗದಲ್ಲಿ ಚಹಾ ಇಟ್ಟು ನೋಡಿದೆ. ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು.

ಮುಂದಿನ ಮಂಗಳವಾರ ಒಂಬತ್ತಕ್ಕೇ ಹೋದೆ. ಪರ್ಸಿನಲ್ಲಿ ಮಕ್ಕಳ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧಿಯ ಸೀಸೆ. ಒಮ್ಮೆ ಅಂಟಿದರೆ ಸೋಪಿಗೂ ಜಗ್ಗದ ಬಣ್ಣ ಅದು. ಸರೋಜಳ ಮನೆಯಲ್ಲಿ, ಅವಳು ಹೊರಗೆ ನಿಂತು ನನ್ನ ಆಗಮನವನ್ನು ಸಾರುತ್ತಿದ್ದಾಗ, ಹತ್ತಿಯಲ್ಲಿ ಅದ್ದಿ ಲೋಟದ ಹಿಡಿಗೆ ಒಳಬದಿಯಲ್ಲಿ ಸವರಿದೆ. ಎರಡನೆಯ ಮನೆಯ ಲೋಟ ಶುದ್ಧವಾಗಿತ್ತು. ಮೂರನೆಯದೂ. ನಾಲ್ಕನೆಯ ಮನೆಯಲ್ಲಿ ಮೊಳೆಗೆ ತೂಗುತ್ತಿದ್ದ ಲೋಟದ ಹಿಡಿ ನೇರಳೆ. ಏಳನೆಯ ಮನೆಯಲ್ಲಿ ಅದೇ ನೇರಳೆ. ಎಂದರೆ ಇಡೀ ಗಲ್ಲಿಗೆ ಇದ್ದದ್ದು ಮೂರೇ ಲೋಟ. ಗಲ್ಲಿಯ ಕೊನೆಗೆ ಬರುವಷ್ಟರಲ್ಲಿ ಬಾಗಿಲು ತೆರೆದು ನಮಸ್ತೆ ಎಂದವರ ಅಂಗೈಗಳೆಲ್ಲ ಬದನೆಕಾಯಿ ಬಣ್ಣ. ಒಬ್ಬಳ ಮೂಗಿನ ತುದಿಯಲ್ಲೂ ಒಂದು ಬೊಟ್ಟು. ಫರ್ಹಾನಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿ ನಿಂತಳು.

ಕೊನೆಯ ಮನೆಯಲ್ಲಿ ನಾನು ಚಹಾಕ್ಕೆ ನಿಲ್ಲಲಿಲ್ಲ. ನೇರ ಒಳಗೆ ಹೋಗಿ ಹಿಂಬಾಗಿಲು ತೆರೆದೆ. ಹಿಂದಿನ ಓಣಿಯಲ್ಲಿ ಸರೋಜಳ ಅತ್ತೆ, ಅದೇ ನಾನು ಮಂಡಿ ನೋಡಿ ನಡೆಯಬೇಡಿ ಎಂದಿದ್ದ ಮುದುಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈಯಲ್ಲಿ ಲೋಟ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದಳು.

"ಅಮ್ಮಾಜಿ, ಕೈ ತೋರಿಸಿ."

ಅಮ್ಮಾಜಿ ಕೈಯನ್ನಷ್ಟೇ ಅಲ್ಲ, ಲೋಟವನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು. ಅಷ್ಟರಲ್ಲಿ ಸರೋಜ ಓಡಿ ಬಂದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಆಟದಲ್ಲಿ ಗೆಲ್ಲುವಷ್ಟರಲ್ಲಿ ಸಿಕ್ಕಿಬಿದ್ದವಳ ಬೇಸರ ಇತ್ತು.

"ಯಾಕಮ್ಮ ಹೀಗೆ ಮಾಡಿದಿರಿ? ಲೋಟ ಇಲ್ಲ ಅಂತ ಹೇಳಬಾರದಾಗಿತ್ತಾ?"

"ಅರೆ ಸಿಸ್ಟರ್‌ಜೀ, ಹೇಗೆ ಹೇಳೋದು?" ಎಂದಳು ಸರೋಜ. "ಈ ತೆಳ್ಳಗಿನ ಡಾಕ್ಟರ್ ದೀದಿ ಮೊದಲ ದಿನವೇ ಹೇಳಿದ್ದಳು, ಸಿಸ್ಟರ್‌ಜೀ ಈ ವಯಸ್ಸಲ್ಲಿ ಪರೀಕ್ಷೆಗೆ ಕಟ್ಟಿದ್ದಾರೆ, ಜೂನ್ ಒಳಗೆ ಪಾಸ್ ಆಗದಿದ್ದರೆ ಕೆಲಸ ಹೋಗುತ್ತೆ ಅಂತ. ನಮ್ಮ ಮನೇಲಿ ಲೋಟ ಇಲ್ಲ ಅಂತ ನೀವು ಬರೆದುಕೊಂಡರೆ ನಿಮ್ಮ ನಂಬರ್ ಕಡಿಮೆ ಆಗಲ್ವಾ? ನಮ್ಮಿಂದ ಒಬ್ಬರು ಫೇಲಾದರೆ ಪಾಪ ಅಲ್ವಾ?"

ನಾನು ಫರ್ಹಾನಾ ಕಡೆ ನೋಡಿದೆ. "ಸುಮ್ನೆ ಮಾತಿಗೆ ಹೇಳಿದ್ದೆ, ಸಿಸ್ಟರ್ ಆಂಟಿ," ಎಂದಳು ಸಣ್ಣ ದನಿಯಲ್ಲಿ.

"ನಮ್ಮ ಅತ್ತೆ ಎಷ್ಟು ಓಡಿದ್ದಾರೆ ಗೊತ್ತಾ ನಿಮಗೋಸ್ಕರ!" ಎಂದು ಸರೋಜ ನನ್ನ ಮೇಲೇ ಹರಿಹಾಯ್ದಳು.

ಬೈಯಲು ಬಾಯಿ ತೆರೆದರೆ ಯಾರನ್ನು ಬೈಯುವುದು? ಗಲ್ಲಿಗೆ ಗಲ್ಲಿಯೇ ನಿಂತು ನನ್ನನ್ನು ಪಾಸ್ ಮಾಡಿಸುತ್ತಿತ್ತು. ಅಮ್ಮಾಜಿಯ ಮಂಡಿ ಊದಿಕೊಂಡಿತ್ತು. ಅಲ್ಲೇ ಕೂರಿಸಿ ಪಟ್ಟಿ ಕಟ್ಟಿದೆ. ಸಿಟ್ಟಿಗೆ ಸ್ವಲ್ಪ ಬಿಗಿಯಾಗಿಯೇ ಕಟ್ಟಿದೆನೇನೋ, ಅಮ್ಮಾಜಿ ಹಾಯ್ ಎಂದಳು.

ಇನ್ನು ಏನು ಮಾಡುವುದು ಎಂಬುದೇ ಪ್ರಶ್ನೆ. ಕೈಯಲ್ಲಿದ್ದ ಅಂಕಿಗಳಿಗೆ ಅರ್ಥವಿಲ್ಲ. ಹೊಸದಾಗಿ ಶುರು ಮಾಡಲು ಉಳಿದದ್ದು ಆರೇಳು ವಾರ. ಮಾಥುರ್ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾ, "ನೋಡಿ ಸಿಸ್ಟರ್, ನೀವು ಹೋದಾಗ ಲೋಟ ಇತ್ತೋ ಇಲ್ವೋ? ಇತ್ತು. ಬರೆದಿದ್ದು ಸುಳ್ಳಲ್ಲ. ಪ್ರಾಕ್ಟಿಕಲ್ ಆಗಿ ಯೋಚಿಸಿ, ಬರೆದು ಕೊಟ್ಟುಬಿಡಿ," ಎಂದರು. ಮನೆಯಲ್ಲಿ ನಮ್ಮವರೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು.

"ಎರಡು ವರ್ಷ ಒದ್ದಾಡಿದ್ದೀಯ. ಈಗ ಮತ್ತೆ ಮೊದಲಿಂದ ಅಂದರೆ ಮುಗಿಯುತ್ತಾ? ಯಾರು ಕೂತು ಓದ್ತಾರೆ ಅದನ್ನ?"

"ಥರ್ಮಾಮೀಟರ್ ಇಡದೆ ಚಾರ್ಟ್ ತುಂಬಿಸಿದ ಹುಡುಗೀರನ್ನ ನಾನು ವಾರ್ಡಿಂದ ಹೊರಗೆ ಕಳಿಸಿದ್ದೀನಿ."

"ನೀನು ಥರ್ಮಾಮೀಟರ್ ಇಟ್ಟಿದ್ದೆಯಲ್ಲ."

"ಇಟ್ಟಿದ್ದೆ. ಎಲ್ಲರ ಜ್ವರಕ್ಕೂ ಒಬ್ಬರದೇ ಕಂಕುಳಲ್ಲಿ."

ಅವರು ಪೇಪರ್ ಮಡಚಿಟ್ಟು, "ಹಾಗಾದರೆ ಉಪ್ಪಿಟ್ಟು ಮಾಡೋದು ನನಗೆ ಕಲಿಸು," ಎಂದರು. ನಾನು ಹೊತ್ತು ಗೊತ್ತಿಲ್ಲದೆ ಅಲೆಯಲಿದ್ದೇನೆ ಎಂಬುದು ನನಗಿಂತ ಮೊದಲು ಅವರಿಗೆ ಅರ್ಥವಾಗಿತ್ತು.

ಉಪಾಯ ಹೇಳಿದವಳು ಫರ್ಹಾನಾ. ಯಾವ ದಿನ, ಯಾವ ಹೊತ್ತು, ಯಾವ ಮನೆ ಎಂದು ಬಸ್ತಿಯವರಿಗೆ ಗೊತ್ತಾಗಬಾರದು ಎಂದರೆ ನಮಗೂ ಗೊತ್ತಿರಬಾರದು. ಚೀಟಿ ಎತ್ತಬೇಕು. ಇದನ್ನೇ ನಮಗೆ ಮೊದಲ ವರ್ಷ ಪಾಠದಲ್ಲಿ ಹೇಳಿದ್ದರು. ಪರೀಕ್ಷೆಯಲ್ಲಿ ನಾನು ಅಂದವಾಗಿ ಬರೆದೂ ಇದ್ದೆ. ಬಸ್ತಿಯಲ್ಲಿ ಮಾತ್ರ ಸಾಲಾಗಿ ನಡೆದೆ. ಫರ್ಹಾನಾ ಬಿಸ್ಕತ್ತಿನ ಹಳೆಯ ಡಬ್ಬಿಯೊಂದರ ತುಂಬ ಚೀಟಿ ಮಾಡಿ ತಂದಳು. ಬೆಳಿಗ್ಗೆ ಫೋನಿನಲ್ಲಿ ನಾನು ಎತ್ತು ಎನ್ನುವುದು, ಅವಳು ಎತ್ತಿ ಓದುವುದು.

ಆ ಮೇ ಜೂನ್ ತಿಂಗಳನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಐದಕ್ಕೆ ಎದ್ದು, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಒಂಬತ್ತೂವರೆಗೆ ದೀಪ ಆರಿಸಿ ಬದುಕಿದವಳು ನಾನು. ಚೀಟಿಗೆ ಅದೆಲ್ಲ ಗೊತ್ತಿಲ್ಲ. ಸುಡುಗಾಳಿ ಬೀಸುವ ನಡುಮಧ್ಯಾಹ್ನ ಹೋಗು ಎನ್ನುತ್ತಿತ್ತು. ಹೋದರೆ ಮನೆಗೆ ಬೀಗ. ನಿಯಮದಂತೆ ಮತ್ತೊಮ್ಮೆ ಹೋಗಬೇಕು; ಹೋದರೆ ಮಲಗಿದವರು ಎದ್ದು ಬೈಯುವರು. ಒಮ್ಮೆ ಚೀಟಿ ಒಂದೇ ದಿನದಲ್ಲಿ ಗಲ್ಲಿಯ ಈ ತುದಿ, ಆ ತುದಿ, ಮತ್ತೆ ಈ ತುದಿ ಎಂದಿತು. ಒದ್ದೆ ಕರವಸ್ತ್ರ ತಲೆಯ ಮೇಲೆ ಹಾಕಿಕೊಂಡು, ಪಕ್ಕದ ಮನೆಯನ್ನು ಬಿಟ್ಟು ದೂರದ ಮನೆಗೆ ನಡೆಯುತ್ತಾ, ಇದು ವಿಜ್ಞಾನವೋ ಶಿಕ್ಷೆಯೋ ಎಂದು ಫರ್ಹಾನಾಳನ್ನು ಕೇಳಿದೆ.

"ಎರಡೂ, ಸಿಸ್ಟರ್ ಆಂಟಿ. ಆದ್ರೂ ನೋಡಿ, ನಾನು ಹುಟ್ಟಿನಿಂದಲೇ ವಿಜ್ಞಾನಿ. ನಾನು ಯಾವಾಗ ಬರ್ತೀನಿ ಅಂತ ಯಾರಿಗೂ ಗೊತ್ತಿರಲ್ಲ."

ನಗು ಬಂತು, ತೋರಿಸಲಿಲ್ಲ. ಚೀಟಿಯಲ್ಲಿ ನಾಲ್ಕು ಗಂಟೆ ಎಂದು ಇದ್ದರೆ ನಾಲ್ಕಕ್ಕೇ ಬರಬೇಕು, ಐದಕ್ಕಲ್ಲ ಎಂದು ಹೇಳಿದೆ. ಅವಳಿಗೂ ಜುಲೈಯಲ್ಲಿ ಒಂದು ಕೆಲಸ ಕಾಯುತ್ತಿತ್ತು. ಹಳೆಯ ಅಂಕಿಗಳನ್ನೇ ಕೊಟ್ಟುಬಿಡೋಣ ಎಂದು ಅವಳು ಒಂದು ಸಲವೂ ಹೇಳಲಿಲ್ಲ. ತಡವಾಗಿ ಬರುವವಳ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು.

ಹೊತ್ತಲ್ಲದ ಹೊತ್ತಿಗೆ ಹೋದ ಮೇಲೆಯೇ ಬಸ್ತಿ ಕಾಣಿಸತೊಡಗಿತು. ಬೆಳಿಗ್ಗೆ ಬಂಗಾರದಂತೆ ಹಳದಿಯಾಗುತ್ತಿದ್ದ ಡ್ರಮ್ಮಿನ ನೀರು ಸಂಜೆಗೆ ಬಣ್ಣವನ್ನೇ ತೋರಿಸುತ್ತಿರಲಿಲ್ಲ. ಲೋಟ ಬಳಸುತ್ತಿದ್ದ ಮನೆಗಳು ಬೆರಳೆಣಿಕೆಯಷ್ಟು. ಒಬ್ಬಳು ಅದರಲ್ಲಿ ಕೂಸಿಗೆ ನೀರು ಹೊಯ್ಯುತ್ತಿದ್ದಳು, ಇನ್ನೊಬ್ಬಳು ಅದರಲ್ಲಿ ಕೂಲರಿಗೆ ನೀರು ತುಂಬಿಸುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಏಪ್ರಿಲ್ ತುಂಬ ನಾನು ಒಂದೂ ಕಾಣದ ಸುರಾಹಿಗಳು ಈಗ ಮನೆಮನೆಯಲ್ಲೂ ಇದ್ದವು. ಬೇಸಿಗೆಯಲ್ಲಿ ಕುಡಿಯಲು ಯಾರೂ ಡ್ರಮ್ಮಿನ ಬಿಸಿನೀರು ಮುಟ್ಟುತ್ತಿರಲಿಲ್ಲ. ಉದ್ದ ಕತ್ತಿನ ಮಣ್ಣಿನ ಸುರಾಹಿಯಿಂದ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಸಿಸ್ಟರ್‌ಜೀಗೆ ಡ್ರಮ್ಮೇ ಇಷ್ಟ ಎಂದು ಮಂಗಳವಾರ ಅವುಗಳನ್ನು ಪರದೆಯ ಹಿಂದೆ ಸರಿಸಿಡುತ್ತಿದ್ದರಂತೆ. ಸುರಾಹಿಗೆ ಕೈ ಹಾಕುವಂತಿಲ್ಲ, ಲೋಟವೂ ಬೇಡ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಮಣ್ಣು ಕ್ಲೋರಿನ್ ಹೀರಿಬಿಡುತ್ತಿತ್ತು. ಒಂದು ನೇರ ಉತ್ತರಕ್ಕೆ ಹೋದವಳಿಗೆ ಹೀಗೂ ಹೌದು ಹಾಗೂ ಹೌದು ಎಂಬ ಉತ್ತರ ಸಿಕ್ಕಿತ್ತು. ಮಾಥುರ್ ಸಾಹೇಬರು ಹೊಸ ಅಂಕಿಗಳನ್ನು ನೋಡಿ ವಾಹ್ ಎನ್ನಲಿಲ್ಲ.

ಕೊನೆಯ ಚೀಟಿ ಸರೋಜಳ ಮನೆಯದಾಗಿತ್ತು. ಪ್ರಬಂಧ ಒಪ್ಪಿಸುವುದಕ್ಕೆ ಎರಡು ದಿನ ಇತ್ತು. ಉಳಿದದ್ದೆಲ್ಲ ಬರೆದು ಮುಗಿದಿತ್ತು, ಒಂದು ಸಾಲಿನಲ್ಲಿ ಒಂದು ಮನೆ ಮಾತ್ರ ಖಾಲಿ. ಸಂಜೆ ಐದಕ್ಕೆ ಎಂದು ಚೀಟಿ ಹೇಳಿತ್ತು. ನಾಲ್ಕೂವರೆಗೆ ಆಕಾಶ ಕಂದುಬಣ್ಣಕ್ಕೆ ತಿರುಗಿ ಧೂಳಿನ ಬಿರುಗಾಳಿ ಎದ್ದಿತು. ಅಂಗಡಿಗಳ ಬೋರ್ಡು ಹಾರಿತು, ಕರೆಂಟು ಹೋಯಿತು. ಕಣ್ಣು ಮುಚ್ಚಿಕೊಂಡು ರಿಕ್ಷಾದಲ್ಲಿ ಕೂತು ಹೋದೆ. ಬಸ್ತಿ ಮುಟ್ಟಿದಾಗ ಗಾಳಿ ನಿಂತು ನಾಲ್ಕು ಹನಿ ಮಳೆ ಬಿದ್ದಿತ್ತು. ಆಶ್ಚರ್ಯವೆಂದರೆ ಫರ್ಹಾನಾ ನನಗಿಂತ ಮುಂಚೆ ಬಂದು, ಸರೋಜಳ ಹೊಸ್ತಿಲ ಮೇಲೆ ಕೂತು ಬಿಂದಿ ಅಂಟಿಸುತ್ತಿದ್ದಳು.

"ಇವತ್ತು ನೀವು ಲೇಟು, ಸಿಸ್ಟರ್ ಆಂಟಿ."

ನಾನು ಚೀಲದಿಂದ ನಳಿಗೆ ತೆಗೆದೆ. ಸರೋಜ ಸುರಾಹಿ ಬಗ್ಗಿಸಿ ನಳಿಗೆಗೆ ನೀರು ಹಾಕಿದಳು. ಔಷಧಿ ಬಿಟ್ಟೆ. ನಾಲ್ವರೂ ನೋಡುತ್ತಾ ಕೂತೆವು. ಅಮ್ಮಾಜಿಯೂ ಮಂಡಿ ಹಿಡಿದುಕೊಂಡು ಹತ್ತಿರ ಸರಿದಳು. ನೀರು ನೀರಾಗಿಯೇ ಇತ್ತು.

"ಹಳದಿ ಬರಲಿಲ್ವಾ?" ಸರೋಜಳ ಮುಖ ಬಾಡಿತು. "ಇನ್ನೆರಡು ಹನಿ ಹಾಕಿ, ಬರುತ್ತೆ."

"ಬರಲ್ಲ."

"ಹಾಗಾದರೆ ನಿಲ್ಲಿ. ಗಲ್ಲಿ ಕೊನೇಲಿ ಈಗ ತಾನೇ ನೀರು ಹಿಡಿದಿದ್ದಾರೆ. ಅಮ್ಮಾಜಿ, ಓಡಿ ಒಂದು ಲೋಟ ತನ್ನಿ."

ಅಮ್ಮಾಜಿ ಎದ್ದೇಬಿಟ್ಟಿದ್ದಳು. ಭುಜ ಹಿಡಿದು ಕೂರಿಸಿದೆ. "ಬೇಡ. ನಾನು ಬರೆದುಕೊಳ್ಳಬೇಕಾಗಿದ್ದದ್ದು ಇದನ್ನೇ," ಎಂದು ಬಣ್ಣವಿಲ್ಲ ಎಂದು ಬರೆದೆ.

ಸರೋಜ ಸುರಾಹಿಯನ್ನು ಮತ್ತೆ ಮೂಲೆಗೆ ಇಟ್ಟಳು. ಆಮೇಲೆ ಫರ್ಹಾನಾಗೆ, ನನಗೆ ಕೇಳಲಿ ಎಂದೇ, "ಮಂಗಳವಾರದ ಲೋಟಾ ಇಟ್ಟುಕೊಂಡಿದ್ದರೆ ಪಕ್ಕಾ ಪಾಸ್ ಆಗ್ತಿದ್ದರು ನಿಮ್ಮ ಸಿಸ್ಟರ್‌ಜೀ," ಎಂದಳು.

ಹೇಳಿದ ದಿನ ಪ್ರಬಂಧ ಒಪ್ಪಿಸಿದೆವು. ಮೌಖಿಕ ಪರೀಕ್ಷೆಗೆ ಬಂದವರು, ಇಷ್ಟು ಕಡಿಮೆ ಮನೆಗಳೇಕೆ, ಏಪ್ರಿಲ್ ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಏಪ್ರಿಲ್‌ನಲ್ಲಿ ನಡೆದದ್ದನ್ನು ನೇರಳೆ ಬಣ್ಣದ ಸಮೇತ ಹೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ನಗಲಿಲ್ಲ. ಪಾಸಾದೆ, ಕೆಳಗಿನ ದರ್ಜೆಯಲ್ಲಿ. ಟ್ಯೂಟರ್ ಹುದ್ದೆ ಸಿಕ್ಕಿತು. ನಿವೃತ್ತಿಯವರೆಗೆ ನನ್ನ ಹುಡುಗಿಯರು ಬಸ್ತಿಗೆ ಹೊರಡುವ ಮೊದಲು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿ ಚೀಟಿ ಎತ್ತುತ್ತಿದ್ದರು, ಮತ್ತು ನನ್ನನ್ನು ಶಪಿಸುತ್ತಿದ್ದರು. ಶಪಿಸಿದ್ದು ನನಗೆ ಕೇಳುತ್ತಿತ್ತು. ಫರ್ಹಾನಾ ಈಗ ಬೇರೆ ರಾಜ್ಯದಲ್ಲಿ ದೊಡ್ಡ ಅಧಿಕಾರಿ. ಯುಗಾದಿಗೆ ಶುಭಾಶಯ ಹೇಳಲು ಫೋನ್ ಮಾಡುತ್ತಾಳೆ, ಹಬ್ಬದ ಮರುದಿನ.

ಟ್ಯಾಂಕ್ ತೊಳೆದು, ತುಂಬಿ, ಮುಚ್ಚಳ ಹಾಕುವ ಹೊತ್ತಿಗೆ ಹನ್ನೊಂದಾಯಿತು. ಭಾಟಿಯಾ ಸೊಸೈಟಿಯ ರಿಜಿಸ್ಟರ್ ಮತ್ತು ಪೆನ್ನು ತಂದು ಮುಂದೆ ಹಿಡಿದರು.

"ಮೇಡಂಜೀ, ನೀರು ಚೆನ್ನಾಗಿದೆ ಅಂತ ಒಂದು ಸಹಿ. ಬೇಕಾದರೆ ಈಗಲೇ ನಿಮ್ಮ ಪರೀಕ್ಷೆ ಮಾಡಿ, ನಮ್ಮ ಮನೆ ನಲ್ಲಿಯಿಂದಲೇ. ನನ್ನ ಹೆಂಡತಿ ಚಹಾಕ್ಕೂ ಇಟ್ಟಿದ್ದಾಳೆ."

"ಬ್ಲೀಚಿಂಗ್ ಹಾಕಿ ಇನ್ನೂ ವಾಸನೆ ಆರಿಲ್ಲ. ಇವತ್ತು ಎಲ್ಲರ ಮನೆ ನೀರೂ ಪಾಸ್ ಆಗುತ್ತೆ. ಇನ್ನೊಂದು ದಿನ ಬರ್ತೀನಿ."

"ಯಾವ ದಿನ ಅಂತ ಹೇಳಿ, ನೋಟಿಸ್ ಹಾಕಿಸ್ತೀನಿ. ಎಲ್ಲರೂ ರೆಡಿಯಾಗಿರ್ತಾರೆ."

"ನನಗೂ ಗೊತ್ತಿಲ್ಲ ಭಾಟಿಯಾಜೀ."

ಭಾಟಿಯಾ ಪೆನ್ನಿನ ಮುಚ್ಚಳ ಹಾಕಿ, ನನಗೆ ಮರೆವು ಶುರುವಾಗಿದೆ ಎಂಬಂತೆ ಮೃದುವಾಗಿ ತಲೆಯಾಡಿಸಿದರು.

ಕೆಳಗೆ ಬಂದು, ಕೈಕಾಲು ತೊಳೆದು, ಬೀರುವಿನ ಮೇಲಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ನಮ್ಮವರು ಒಲೆಯ ಮುಂದೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಫ್ಲಾಟಿನ ನಂಬರು, ವಾರ, ಹೊತ್ತು ಬರೆದು ಮಡಚಿದೆ. ಭಾಟಿಯಾರ ಮನೆಯ ಚೀಟಿಯನ್ನು ಎಲ್ಲದರ ಮೇಲೆ ಇಡಬೇಕೆಂಬ ಆಸೆ ಬಂತು. ಇಡಲಿಲ್ಲ. ಡಬ್ಬಿ ಅಲ್ಲಾಡಿಸಿ ಮುಚ್ಚಳ ಒತ್ತಿದೆ.